ಸ್ಕ್ರಂಚಿ ತಯಾರಿಕೆ: ಹೊಲಿಗೆ ಕಲಿಯುವ ಗ್ರಾಮೀಣ ಮಹಿಳೆಯರಿಗೆ ಮೊದಲ ಪಾಠ

ನೆರಿಗೆಗಟ್ಟಿದ ಬಟ್ಟೆಯ ಕೊಳವೆಯೊಳಗೆ ಇಲಾಸ್ಟಿಕ್ ಸೇರಿಸಿ ಮಾಡಿದ ಹೇರ್ ಬ್ಯಾಂಡಿಗೆ ಪೇಟೆಯಲ್ಲಿ ಸ್ಕ್ರಂಚಿ ಎಂದು ಹೆಸರು. ಬರಿಯ ರಬ್ಬರ್ ಬ್ಯಾಂಡು ಕೂದಲಿಗೆ ಸಿಕ್ಕಿಕೊಂಡು, ಬಿಚ್ಚುವಾಗ ಎಳೆಗಳನ್ನು ಕಿತ್ತು ತರುತ್ತದೆ. ಬಟ್ಟೆಯ ಹೊದಿಕೆ ಇದ್ದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. 1986ರಲ್ಲಿ ಅಮೆರಿಕದ ಗಾಯಕಿ ರೋಮಿ ರೆವ್ಸನ್ ಅವರು ಪೈಜಾಮದ ಸೊಂಟಪಟ್ಟಿಯಿಂದ ಪ್ರೇರಣೆ ಪಡೆದು ಇದರ ಮಾದರಿಯನ್ನು ಹೊಲಿದು, ಮರುವರ್ಷ ಪೇಟೆಂಟ್ ಪಡೆದರು. ವಸ್ತು ಹೊರಗಿನಿಂದ ಬಂದುದಾದರೂ ಅದರ ಕೆಲಸ ನಮ್ಮ ಮಹಿಳೆಯರಿಗೆ ಅಪರಿಚಿತವಲ್ಲ. ಲಂಗದ ಸೊಂಟಪಟ್ಟಿಯೊಳಗೆ ಪಿನ್ನಿನಿಂದ ಲಾಡಿ ತೂರಿಸಿ ಬಲ್ಲವರೆಲ್ಲರೂ ಸ್ಕ್ರಂಚಿಯ ಅರ್ಧ ಕೆಲಸವನ್ನು ಈಗಾಗಲೇ ಬಲ್ಲರು.

ಹೊಲಿಗೆ ತರಬೇತಿಗಳಲ್ಲಿ ಮೊದಲ ದಿನವೇ ರವಿಕೆಯ ನಕ್ಷೆ ಬರೆಯಿಸುವ ರೂಢಿ ಕೆಲವೆಡೆ ಇದೆ. ಇದು ಕಲಿಯುವವರ ಧೈರ್ಯವನ್ನು ಕುಗ್ಗಿಸುತ್ತದೆ. ತೋಳಿನ ಸುತ್ತು ತಪ್ಪಿದರೆ ಒಂದು ಮೀಟರ್ ಬಟ್ಟೆ ಹಾಳು. ಮರುದಿನ ಆ ಮಹಿಳೆ ತರಬೇತಿಗೆ ಬರುವುದಿಲ್ಲ. ಸ್ಕ್ರಂಚಿಯಲ್ಲಿ ತಪ್ಪಿದರೆ ಹಾಳಾಗುವುದು ಅಂಗೈಯಗಲದ ಒಂದು ಪಟ್ಟಿ ಮಾತ್ರ. ಹೊಲಿಗೆ ಸ್ವಲ್ಪ ಅಂಕುಡೊಂಕಾದರೂ ನೆರಿಗೆಯೊಳಗೆ ಮರೆಯಾಗುತ್ತದೆ. ಆದರೂ ನೇರವಾಗಿ ಕತ್ತರಿಸುವುದು, ಸಮಾನ ಅಂಚು ಬಿಟ್ಟು ಹೊಲಿಯುವುದು, ಕೊಳವೆಯನ್ನು ತಿರುವುವುದು, ಇಲಾಸ್ಟಿಕ್ ತೂರಿಸುವುದು, ಬಾಯಿ ಮುಚ್ಚುವುದು ಎಂಬ ಎಲ್ಲ ಕೆಲಸಗಳೂ ಇದರಲ್ಲಿವೆ. ದಿಂಬಿನ ಚೀಲ, ಲಂಗ, ಮಕ್ಕಳ ಚಡ್ಡಿ, ಪೈಜಾಮ ಹೊಲಿಯುವಾಗ ಇವೇ ಕೆಲಸಗಳು ಮರಳಿ ಬರುತ್ತವೆ. ಕಲಿಕೆಯ ದೃಷ್ಟಿಯಿಂದ ಸ್ಕ್ರಂಚಿಗೆ ಇರುವ ಬೆಲೆ ಇದು. ಆದಾಯದ ದೃಷ್ಟಿಯಿಂದ ಅದರ ಬೆಲೆ ಎಷ್ಟೆಂಬುದು ಬೇರೆಯೇ ಪ್ರಶ್ನೆ. ಅದರ ಲೆಕ್ಕವನ್ನು ಲೇಖನದ ಕೊನೆಯ ಭಾಗದಲ್ಲಿ ಕೊಡಲಾಗಿದೆ. ಸಾಲ ಮಾಡಿ ಯಂತ್ರ ಕೊಳ್ಳಬೇಕೆಂದಿರುವವರು ಆ ಭಾಗವನ್ನು ತಪ್ಪದೆ ಓದಬೇಕು.

ಬಟ್ಟೆಯ ಆಯ್ಕೆ

ಮೊದಲ ಹತ್ತು ಸ್ಕ್ರಂಚಿಗಳಿಗೆ ಹೊಸ ಬಟ್ಟೆ ಕೊಳ್ಳುವ ಅಗತ್ಯವಿಲ್ಲ. ಉಡಿ ತುಂಬುವಾಗ, ಬಾಗಿನದಲ್ಲಿ, ಮದುವೆ ಮುಂಜಿಗಳಲ್ಲಿ ಬಂದ ರವಿಕೆ ಕಣಗಳು ನಮ್ಮ ಮನೆಗಳ ಟ್ರಂಕುಗಳಲ್ಲಿ ವರ್ಷಗಟ್ಟಲೆ ಮಡಿಕೆಯಲ್ಲೇ ಉಳಿದಿರುತ್ತವೆ. ರವಿಕೆಗೆ ಅಳತೆ ಸಾಲದು, ಬಣ್ಣ ಹೊಂದದು ಎಂದು ಬದಿಗಿಟ್ಟ ಈ ಕಣಗಳು ಸ್ಕ್ರಂಚಿಗೆ ಚೆನ್ನಾಗಿ ಒದಗುತ್ತವೆ. ಊರಿನ ದರ್ಜಿಯ ಅಂಗಡಿಯಲ್ಲಿ ಉಳಿಯುವ ತುಂಡು ಬಟ್ಟೆಗಳೂ ಆಗಬಹುದು. ಆದರೆ ಒಂದೇ ಪಟ್ಟಿಗೆ ಬೇಕಾದಷ್ಟು ಉದ್ದವಿಲ್ಲದ ಚೂರುಗಳನ್ನು ರಾಶಿ ಹಾಕಿಕೊಳ್ಳಬೇಡಿ. ಮೂರು ನಾಲ್ಕು ಚೂರುಗಳನ್ನು ಜೋಡಿಸಿದ ಪಟ್ಟಿಯಲ್ಲಿ ಜೋಡಣೆಯ ಗಂಟುಗಳೇ ಹೆಚ್ಚಾಗಿ ನೆರಿಗೆ ಸರಿಯಾಗಿ ಕೂರುವುದಿಲ್ಲ.

ಕಲಿಯುವವರಿಗೆ ನಡುವಣ ದಪ್ಪದ ಹತ್ತಿ ಬಟ್ಟೆಯೇ ಉತ್ತಮ. ಅದು ಸೂಜಿಯ ಕೆಳಗೆ ಜಾರುವುದಿಲ್ಲ, ಇಸ್ತ್ರಿಯ ಮಡಿಕೆಯನ್ನು ಹಿಡಿದುಕೊಳ್ಳುತ್ತದೆ. ರೇಷ್ಮೆ, ಸ್ಯಾಟಿನ್, ಕ್ರೇಪ್ ಬಟ್ಟೆಗಳು ಕೂದಲಿಗೆ ಹಿತವೆನಿಸಿದರೂ ಜಾರುತ್ತವೆ, ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತವೆ. ಕೈ ಪಳಗಿದ ಮೇಲೆ ಅವುಗಳನ್ನು ತೆಗೆದುಕೊಳ್ಳಿ. ಜೀನ್ಸ್ ಮೊದಲಾದ ದಪ್ಪ ಬಟ್ಟೆ ನೆರಿಗೆಯಾಗದೆ ಸೆಟೆದು ನಿಲ್ಲುತ್ತದೆ.

ಹಳೆಯ ಸೀರೆಯನ್ನು ಬಳಸುವುದಾದರೆ ಬೆಳಕಿಗೆ ಹಿಡಿದು ನೋಡಬೇಕು. ಕುಳಿತೇಳುವಲ್ಲಿ ಹಾಗೂ ಕಾಲಿಗೆ ತಾಗುವ ಅಂಚಿನಲ್ಲಿ ಎಳೆಗಳು ಸವೆದಿರುತ್ತವೆ. ಒಳಗೆ ಸಿಕ್ಕಿಸುವ ಭಾಗ ಗಟ್ಟಿಯಾಗಿ ಉಳಿದಿರುತ್ತದೆ. ಹರಿದ ಇಳಕಲ್ ಸೀರೆಯ ಗಟ್ಟಿ ಭಾಗವನ್ನು ಬಳಸಿದರೆ ಪೇಟೆಯಲ್ಲಿ ದೊರೆಯದ ಚೆಲುವು ಬರುತ್ತದೆ. ಆದರೆ ಉಡಲು ಬರುವ ಕೈಮಗ್ಗದ ಸೀರೆಯನ್ನು ಇದಕ್ಕಾಗಿ ಕತ್ತರಿಸುವುದು ಜಾಣತನವಲ್ಲ. ಗುಳೇದಗುಡ್ಡದ ಖಣದಿಂದಲೂ ಸ್ಕ್ರಂಚಿ ಮಾಡಬಹುದು. ಖಣದ ಪನ್ನ ಕಿರಿದಾದುದರಿಂದ ಮುಂದೆ ಹೇಳಿದ ಪಟ್ಟಿಗಳ ಲೆಕ್ಕವನ್ನು ಅದಕ್ಕೆ ಹಾಗೆಯೇ ಅನ್ವಯಿಸದೆ ಅಳೆದು ನೋಡಿಕೊಳ್ಳಬೇಕು. ಜರಿಯ ಅಂಚು ಕೂದಲಿಗೆ ಸಿಕ್ಕಿಕೊಳ್ಳುವುದರಿಂದ ಜರಿ ಒರಟಾಗಿದ್ದರೆ ಬಿಟ್ಟುಬಿಡಿ.

ಕೃಷಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಔಷಧಿ ಸಿಂಪಡಿಸುವಾಗ ತೊಟ್ಟ ಅಂಗಿ, ಲುಂಗಿ, ತಲೆಗೆ ಸುತ್ತಿದ ವಸ್ತ್ರಗಳನ್ನು ಯಾವ ಕಾರಣಕ್ಕೂ ಈ ಕೆಲಸಕ್ಕೆ ಬಳಸಬಾರದು. ಕೀಟನಾಶಕವು ಹತ್ತಿಯ ಎಳೆಯೊಳಗೆ ಇಳಿಯುತ್ತದೆ. ಒಗೆದ ಬಳಿಕವೂ ಅದರ ಅಂಶ ಉಳಿದಿರಬಹುದು. ಅಂತಹ ಬಟ್ಟೆಯ ಪಟ್ಟಿ ದಿನವಿಡೀ ಮಗುವಿನ ಕತ್ತಿನ ಹಿಂಭಾಗಕ್ಕೆ, ಬೆವರಿಗೆ ತಾಗಿಕೊಂಡಿರುವುದು ಅಪಾಯಕಾರಿ. ಔಷಧಿ ಲೇಪಿಸಿದ ಬಿತ್ತನೆ ಬೀಜದ ಚೀಲಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಔಷಧಿ ಡಬ್ಬಿಗಳನ್ನಿಡುವ ಕೋಣೆಯಲ್ಲಿ ಬಟ್ಟೆಯ ಗಂಟನ್ನಾಗಲಿ ಸಿದ್ಧವಾದ ಸ್ಕ್ರಂಚಿಗಳನ್ನಾಗಲಿ ಇಡಬಾರದು.

ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ಗಂಟೆ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಇದರಿಂದ ಬಟ್ಟೆ ಕುಗ್ಗುವಷ್ಟು ಮೊದಲೇ ಕುಗ್ಗುತ್ತದೆ, ಬಣ್ಣ ಬಿಡುವುದಿದ್ದರೆ ತಿಳಿಯುತ್ತದೆ. ನಮ್ಮವರು ತಲೆಗೆ ಎಣ್ಣೆ ಹಚ್ಚುವುದರಿಂದ ನೀರಿನ ಪರೀಕ್ಷೆಯೊಂದೇ ಸಾಲದು. ಬಿಳಿ ಬಟ್ಟೆಯ ಚೂರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಬಣ್ಣದ ಬಟ್ಟೆಯ ಮೇಲೆ ಉಜ್ಜಿರಿ. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆಯ ಸ್ಕ್ರಂಚಿಯನ್ನು ಮಾರಬೇಡಿ. ಶಾಲೆಯ ಬಿಳಿ ಅಂಗಿಯ ಕತ್ತುಪಟ್ಟಿಗೆ ಅದರ ಕಲೆ ಬಿದ್ದರೆ ಕೊಂಡವರು ಮತ್ತೆ ನಿಮ್ಮ ಬಳಿ ಬರುವುದಿಲ್ಲ. ತಿಳಿಬಣ್ಣದ ಬಟ್ಟೆಯಲ್ಲಿ ಎಣ್ಣೆಯ ಕಲೆ ಬೇಗ ಕಾಣುವುದರಿಂದ ಗಾಢ ಬಣ್ಣ ಅಥವಾ ಒತ್ತಾದ ಚಿತ್ತಾರ ಮೇಲು.

ಇಲಾಸ್ಟಿಕ್ ಮತ್ತು ದಾರ

ಸ್ಕ್ರಂಚಿ ಕೆಡುವುದು ಬಟ್ಟೆಯಿಂದಲ್ಲ, ಇಲಾಸ್ಟಿಕ್‌ನಿಂದ. ಬಟ್ಟೆ ಎಷ್ಟೇ ಚೆಲುವಾಗಿದ್ದರೂ ಒಂದು ತಿಂಗಳಲ್ಲಿ ಸಡಿಲವಾಗುವ ಬ್ಯಾಂಡು ಯಾರಿಗೂ ಬೇಡ. ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಅಗಲದ ಚಪ್ಪಟೆ ಇಲಾಸ್ಟಿಕ್ ಇದಕ್ಕೆ ಸರಿಯಾದುದು. ಅಂಗಡಿಯಲ್ಲಿ ಬಿಸಿಲಿಗೆ ತೂಗುಹಾಕಿದ ಹಳೆಯ ಸರಕನ್ನು ಕೊಳ್ಳಬೇಡಿ. ಬಿಸಿಲು, ಕಾವು, ಎಣ್ಣೆ ಈ ಮೂರೂ ರಬ್ಬರಿನ ಶತ್ರುಗಳು. ಕೊಳ್ಳುವ ಮೊದಲು 10 ಸೆಂ.ಮೀ. ಗುರುತು ಮಾಡಿ, ಅದನ್ನು 20 ಸೆಂ.ಮೀ.ವರೆಗೆ ಹತ್ತು ಬಾರಿ ಎಳೆದು ಬಿಟ್ಟು ಮತ್ತೆ ಅಳೆಯಿರಿ. ಹತ್ತೂವರೆಗಿಂತ ಹೆಚ್ಚು ತೋರಿಸಿದರೆ ಅಥವಾ ಒಳಗಿನಿಂದ ಚಟಚಟ ಸದ್ದು ಬಂದರೆ ಆ ಸರಕು ಬೇಡ.

ದಾರವು ಪಾಲಿಯೆಸ್ಟರ್‌ನದಾಗಿರಲಿ. ಹಗ್ಗದಂತೆ ದಿನವೂ ಎಳೆಸಿಕೊಳ್ಳುವ ಜೋಡಣೆಗೆ ಹತ್ತಿಯ ದಾರ ಬೇಗ ಕಡಿಯುತ್ತದೆ. ಹತ್ತಿ ಬಟ್ಟೆಗೆ 14ನೆಯ ಸಂಖ್ಯೆಯ ಸೂಜಿ, ತೆಳು ರೇಷ್ಮೆಗೆ 11ನೆಯದು ಹೊಂದುತ್ತದೆ.

ಅಳತೆ ಮತ್ತು ಕತ್ತರಿಸುವ ಕ್ರಮ

ಸಾಮಾನ್ಯ ಗಾತ್ರದ ಸ್ಕ್ರಂಚಿಗೆ 50 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಬಟ್ಟೆಯ ಪಟ್ಟಿ ಮತ್ತು 20 ಸೆಂ.ಮೀ. ಇಲಾಸ್ಟಿಕ್ ಬೇಕು. ಈ ಎರಡು ಉದ್ದಗಳ ನಡುವಣ ಸಂಬಂಧವನ್ನು ಅರಿತುಕೊಂಡರೆ ಉಳಿದ ಗಾತ್ರಗಳನ್ನು ನೀವೇ ನಿರ್ಧರಿಸಬಹುದು. ಇಲಾಸ್ಟಿಕ್‌ನ ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದಾಗ ಬಳೆಯ ಸುತ್ತಳತೆ ಸುಮಾರು 18 ಸೆಂ.ಮೀ. ಆಗುತ್ತದೆ. ಪೂರ್ತಿ ಎಳೆದರೆ ಅದು 36 ಸೆಂ.ಮೀ.ವರೆಗೆ ಹಿಗ್ಗುತ್ತದೆ. ಬಟ್ಟೆಯ ಕೊಳವೆ ಇದಕ್ಕಿಂತ ಉದ್ದವಾಗಿರಲೇಬೇಕು. ಕೊಳವೆ ಕೇವಲ 30 ಸೆಂ.ಮೀ. ಇದ್ದರೆ ಇಲಾಸ್ಟಿಕ್ ಪೂರ್ತಿ ಹಿಗ್ಗುವ ಮೊದಲೇ ಬಟ್ಟೆ ಬಿಗಿಯಾಗಿ, ಎಳೆತವೆಲ್ಲ ಹೊಲಿಗೆಯ ಮೇಲೆ ಬಿದ್ದು ದಾರ ಕಡಿಯುತ್ತದೆ. ಬಟ್ಟೆ ಉಳಿಸಲೆಂದು ಪಟ್ಟಿಯನ್ನು ಮೋಟು ಮಾಡಿದವರ ಸ್ಕ್ರಂಚಿಗಳು ಬಾಯಿ ಬಿಡುವುದು ಇದೇ ಕಾರಣಕ್ಕೆ. ಬಟ್ಟೆಯ ಉದ್ದ ಇಲಾಸ್ಟಿಕ್ ಉದ್ದದ ಎರಡೂವರೆ ಪಟ್ಟು ಇರುವಂತೆ ನೋಡಿಕೊಂಡರೆ ನೆರಿಗೆಯೂ ತುಂಬಿಕೊಂಡು ಬರುತ್ತದೆ. ಚಿಕ್ಕ ಮಕ್ಕಳಿಗೆ 16 ಸೆಂ.ಮೀ. ಇಲಾಸ್ಟಿಕ್, 40 ಸೆಂ.ಮೀ. ಪಟ್ಟಿ ಸಾಕು.

ಪಟ್ಟಿಗಳನ್ನು ಬಟ್ಟೆಯ ಹಾಸು ಅಥವಾ ಹೊಕ್ಕಿನ ಎಳೆಗೆ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿ ಹೊಲಿಯುವಾಗ ಹಿಗ್ಗಿ ತಿರುಚಿಕೊಳ್ಳುತ್ತದೆ. ಎಳೆಯ ದಿಕ್ಕು ತಿಳಿಯದಿದ್ದರೆ ಅಂಚಿನಲ್ಲಿ ಸಣ್ಣಗೆ ಕತ್ತರಿಸಿ ಒಂದು ಎಳೆಯನ್ನು ಹಿಡಿದು ಎಳೆಯಿರಿ. ಅದು ಬಿಟ್ಟುಹೋದ ಗೆರೆಯೇ ನಿಮ್ಮ ಗುರುತು.

110 ಸೆಂ.ಮೀ. ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ಅಗಲಕ್ಕೆ ಎರಡರಂತೆ ಹತ್ತು ಸಾಲು, ಒಟ್ಟು 20 ಪಟ್ಟಿಗಳು ದೊರೆಯುತ್ತವೆ. ಬದಿಯ ದಪ್ಪ ಅಂಚನ್ನು ತೆಗೆದ ಮೇಲೂ ಸುಮಾರು 8 ಸೆಂ.ಮೀ. ಅಗಲದ ಉದ್ದ ಪಟ್ಟಿ ಉಳಿಯುತ್ತದೆ; ಮಕ್ಕಳ ಕಿರು ಸ್ಕ್ರಂಚಿಗಳಿಗೆ ಅದನ್ನು ಬಳಸಬಹುದು. ನೆನೆಸಿದ ಬಟ್ಟೆ ಮೂರು ಸೆಂ.ಮೀ. ಕುಗ್ಗಿದರೆ ಒಂದು ಸಾಲು ಕಡಿಮೆಯಾಗಿ 18 ಪಟ್ಟಿಗಳಷ್ಟೇ ಬರುತ್ತವೆ. ಆಗ ಪಟ್ಟಿಯ ಅಗಲವನ್ನು ಒಂಬತ್ತೂವರೆ ಸೆಂ.ಮೀ.ಗೆ ಇಳಿಸಿಕೊಂಡರೆ ಸಾಲು ತಪ್ಪುವುದಿಲ್ಲ. ಪ್ರತಿ ಬಾರಿ ಟೇಪು ಹಿಡಿಯುವ ಬದಲು ರಟ್ಟಿನಿಂದ ಒಂದು ಅಳತೆಪಟ್ಟಿ ಕತ್ತರಿಸಿಟ್ಟುಕೊಳ್ಳಿ. ಅಂಕಿ ಓದಲು ಬಾರದವರೂ ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯಬಹುದು.

ಹೊಲಿಯುವ ಕ್ರಮ

ಯಂತ್ರವನ್ನು ಹಿಂದೆ ಮುಟ್ಟದವರು ಮೊದಲು ದಾರವಿಲ್ಲದ ಸೂಜಿಯಿಂದ ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಹೊಲಿಯಬೇಕು. ಸೂಜಿಯ ತೂತುಗಳು ಗೆರೆಯ ಮೇಲೆಯೇ ಬೀಳುವವರೆಗೆ ಎರಡು ಮೂರು ಹಾಳೆಗಳನ್ನು ಮುಗಿಸಿ. ಕಾಲಿನ ಯಂತ್ರದಲ್ಲಿ ಚಕ್ರ ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗುತ್ತದೆ. ಚಕ್ರವನ್ನು ಮೊದಲು ಕೈಯಿಂದ ತಮ್ಮ ಕಡೆಗೆ ತಿರುಗಿಸಿ ಆಮೇಲೆ ಕಾಲು ತುಳಿಯುವ ಅಭ್ಯಾಸವಾಗಬೇಕು. ಬಟ್ಟೆಗೆ ಬರುವ ಮುನ್ನ ಕಾಗದಕ್ಕೆ ಬಳಸಿದ ಸೂಜಿಯನ್ನು ಬದಲಾಯಿಸಿ, ಕಾಗದವು ಅದರ ಮೊನೆಯನ್ನು ಮೊಂಡು ಮಾಡಿರುತ್ತದೆ.

ಪಟ್ಟಿಯ ಒಂದು ತುದಿಯಲ್ಲಿ ಒಂದು ಸೆಂ.ಮೀ. ಬಟ್ಟೆಯನ್ನು ಉಲ್ಟಾ ಬದಿಗೆ ಮಡಚಿ ಇಸ್ತ್ರಿ ಮಾಡಿ. ಕೊನೆಯಲ್ಲಿ ಕೊಳವೆಯ ಬಾಯಿ ಅಚ್ಚುಕಟ್ಟಾಗಿ ಮುಚ್ಚಲು ಈ ಮಡಿಕೆ ಬೇಕು. ನಂತರ ಪಟ್ಟಿಯ ಚೆಂದದ ಬದಿ ಒಳಗಾಗುವಂತೆ ಉದ್ದಕ್ಕೆ ಎರಡಾಗಿ ಮಡಚಿ, ಮೂರು ನಾಲ್ಕು ಕಡೆ ಪಿನ್ನು ಚುಚ್ಚಿ, ತೆರೆದ ಅಂಚಿನಿಂದ ಒಂದು ಸೆಂ.ಮೀ. ಒಳಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊಲಿಯಿರಿ. ಅಂಗುಲಕ್ಕೆ ಹತ್ತರಿಂದ ಹನ್ನೆರಡು ಹೊಲಿಗೆ ಬೀಳುವಂತೆ ಯಂತ್ರವನ್ನು ಹೊಂದಿಸಿ. ಆರಂಭದಲ್ಲಿಯೂ ಕೊನೆಯಲ್ಲಿಯೂ ಎರಡು ಮೂರು ಹೊಲಿಗೆಗಳನ್ನು ಹಿಂದಕ್ಕೆ ಹಾಕಿ ಬಿಗಿ ಮಾಡಬೇಕು. ಯಂತ್ರವಿಲ್ಲದವರು ಕೈಸೂಜಿಯಿಂದ ಹಿಂಹೊಲಿಗೆ ಹಾಕಬಹುದು. ಹೊತ್ತು ಹಿಡಿದರೂ ಬಾಳಿಕೆಯಲ್ಲಿ ಅದು ಕಡಿಮೆಯೇನಲ್ಲ.

ಈಗ ಸಿದ್ಧವಾದ ಕೊಳವೆಯನ್ನು ತಿರುವಬೇಕು. ಮಡಚದ ತುದಿಯ ಒಂದು ಪದರಕ್ಕೆ ದೊಡ್ಡ ಸೇಫ್ಟಿ ಪಿನ್ನು ಸಿಕ್ಕಿಸಿ, ಅದನ್ನು ಕೊಳವೆಯೊಳಗೆ ತೂರಿ ಲಾಡಿ ಸಾಗಿಸುವಂತೆ ಮುಂದಕ್ಕೆ ಸಾಗಿಸಿ ಇನ್ನೊಂದು ತುದಿಯಿಂದ ಹೊರತೆಗೆದರೆ ಚೆಂದದ ಬದಿ ಮೇಲೆ ಬರುತ್ತದೆ. ಅದೇ ಪಿನ್ನಿಗೆ ಇಲಾಸ್ಟಿಕ್ ಸಿಕ್ಕಿಸಿ ತೂರಿಸಿ. ಈ ಹಂತದಲ್ಲಿ ಇಲಾಸ್ಟಿಕ್‌ನ ಹಿಂದಿನ ತುದಿ ಕೊಳವೆಯೊಳಗೆ ಜಾರಿಹೋಗುವುದು ಎಲ್ಲ ಹೊಸಬರಿಗೂ ಆಗುವ ಅನುಭವ. ಅದನ್ನು ಇನ್ನೊಂದು ಪಿನ್ನಿನಿಂದ ಕೊಳವೆಯ ಬಾಯಿಗೆ ಸಿಕ್ಕಿಸಿಟ್ಟರೆ ಅರ್ಧ ಕೆಲಸ ಮತ್ತೆ ಮಾಡುವುದು ತಪ್ಪುತ್ತದೆ.

ಇಲಾಸ್ಟಿಕ್‌ನ ಎರಡೂ ತುದಿಗಳು ಹೊರಬಂದ ಮೇಲೆ ಅದು ಒಳಗೆ ತಿರುಚಿಕೊಂಡಿಲ್ಲವೆಂದು ಬೆರಳಿನಿಂದ ಸವರಿ ನೋಡಿ. ತುದಿಗಳನ್ನು ಒಂದರ ಮೇಲೊಂದು ಸುಮಾರು ಎರಡು ಸೆಂ.ಮೀ. ಇಟ್ಟು, ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿ. ಇಡೀ ಸ್ಕ್ರಂಚಿಯ ಆಯಸ್ಸು ನಿಂತಿರುವುದು ಈ ಜೋಡಣೆಯ ಮೇಲೆ. ಗಂಟು ಹಾಕುವುದು ಸುಲಭವೆನಿಸಿದರೂ ಗಂಟು ತಲೆಗೆ ಒತ್ತುತ್ತದೆ, ಕಾಲಕ್ರಮದಲ್ಲಿ ಜಾರಿ ಬಿಚ್ಚಿಕೊಳ್ಳುತ್ತದೆ. ಜೋಡಣೆಯಾದ ಕೂಡಲೇ ಬಲವಾಗಿ ಐದಾರು ಬಾರಿ ಎಳೆದು ಪರೀಕ್ಷಿಸಿ. ಬಿಚ್ಚಿಕೊಳ್ಳುವುದಿದ್ದರೆ ನಿಮ್ಮ ಕೈಯಲ್ಲೇ ಬಿಚ್ಚಿಕೊಳ್ಳಲಿ.

ಕೊನೆಯದಾಗಿ ಮಡಚದ ತುದಿಯನ್ನು ಮಡಚಿದ ತುದಿಯೊಳಗೆ ಒಂದು ಸೆಂ.ಮೀ. ಸೇರಿಸಬೇಕು. ಸೇರಿಸುವ ಮೊದಲು ಎರಡೂ ಬದಿಯ ಉದ್ದ ಹೊಲಿಗೆಯ ಗೆರೆಗಳು ಎದುರುಬದುರಾಗಿ ಕೂಡುವಂತೆ ನೋಡಿಕೊಳ್ಳಿ. ಗೆರೆ ತಪ್ಪಿದರೆ ಕೊಳವೆ ಹಗ್ಗದಂತೆ ಹುರಿಗೊಂಡು ನಿಲ್ಲುತ್ತದೆ. ಅಂಚಿಗೆ ಹತ್ತಿರವಾಗಿ ಅಡ್ಡಕ್ಕೆ ಒಂದು ಹೊಲಿಗೆ ಹಾಕಿ ಬಾಯಿ ಮುಚ್ಚಿ. ಸೂಜಿ ಇಲಾಸ್ಟಿಕ್‌ಗೆ ಚುಚ್ಚದಂತೆ ಅದನ್ನು ಒಂದು ಬದಿಗೆ ಸರಿಸಿ ಹಿಡಿದಿರಬೇಕು. ಮಾರಾಟಕ್ಕೆ ಮಾಡುವವರು ಈ ಕೊನೆಯ ಹೊಲಿಗೆಯನ್ನು ಕೈಯಿಂದ ಹೊರಗೆ ಕಾಣದಂತೆ ಹಾಕಿದರೆ ಸ್ಕ್ರಂಚಿಗೆ ಬೇರೆಯೇ ಕಳೆ ಬರುತ್ತದೆ.

ಕಂಡುಬರುವ ದೋಷಗಳು

ಬಟ್ಟೆಯ ಕೆಳಬದಿಯಲ್ಲಿ ದಾರ ಗುಂಗುರು ಗುಂಗುರಾಗಿ ಕೂಡಿಕೊಂಡರೆ ಹೊಸಬರು ಬಾಬಿನ್ ಬಿಚ್ಚಲು ತೊಡಗುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದಲ್ಲಿರುತ್ತದೆ. ಬಟ್ಟೆಯನ್ನು ಒತ್ತುವ ಪಾದ ಇಳಿಸಿದೆಯೇ, ದಾರ ಬಿಗಿಮಾಡುವ ತಟ್ಟೆಗಳ ನಡುವೆ ಹಾದಿದೆಯೇ ಎಂದು ಮೊದಲು ನೋಡಿ. ಹೊಲಿಗೆ ನಡುನಡುವೆ ತಪ್ಪಿದರೆ ಸೂಜಿ ಬಾಗಿರಬೇಕು ಅಥವಾ ತಿರುವುಮುರುವಾಗಿ ಕೂರಿಸಿರಬೇಕು. ಬಟ್ಟೆ ಸುಕ್ಕುಗಟ್ಟಿದರೆ ಮೇಲಿನ ದಾರದ ಬಿಗಿಯನ್ನು ಸಡಿಲಿಸಿ. ಸೂಜಿ ಮುರಿದರೆ ಎಲ್ಲ ಚೂರುಗಳೂ ಸಿಗುವವರೆಗೆ ಕೆಲಸ ಮುಂದುವರಿಸಬಾರದು. ಒಂದು ಚೂರು ಸ್ಕ್ರಂಚಿಯೊಳಗೆ ಉಳಿದರೆ ಅದು ಹೋಗುವುದು ಯಾವುದೋ ಹುಡುಗಿಯ ತಲೆಗೆ. ಬಳಸಿದ ಪಿನ್ನುಗಳನ್ನೂ ಎಣಿಸಿ ಡಬ್ಬಿಗೆ ಹಾಕಬೇಕು. ಮೂರು ವರ್ಷದೊಳಗಿನ ಮಕ್ಕಳು ಬಿಡಿ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಅವರ ಸ್ಕ್ರಂಚಿಗೆ ಮಣಿ, ಗುಂಡಿಗಳನ್ನು ಹೊಲಿಯಬೇಡಿ.

ಯಂತ್ರಗಳ ಬಳಿ ದುಡಿಯುವವರಿಗೆ ಎಚ್ಚರಿಕೆ

ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಪಂಪ್‌ಸೆಟ್ಟಿನ ಬೆಲ್ಟುಗಳ ಬಳಿ ಜಡೆ ಅಥವಾ ಸೆರಗು ಸಿಕ್ಕಿಕೊಂಡು ತಲೆಬುರುಡೆಯ ಚರ್ಮವೇ ಕಿತ್ತುಬರುವಂತಹ ಅವಘಡಗಳು ನಡೆಯುತ್ತವೆ. ಸ್ಕ್ರಂಚಿ ಹಾಕಿದ ಮಾತ್ರಕ್ಕೆ ಇದರಿಂದ ರಕ್ಷಣೆ ದೊರೆಯಿತೆಂದು ತಿಳಿಯಬಾರದು. ಸ್ಕ್ರಂಚಿಯಿಂದ ಕಟ್ಟಿದ ಕುದುರೆಬಾಲ ಜಡೆಯು ಯಂತ್ರದ ಬಳಿ ಬಾಗಿದಾಗ ಮುಂದಕ್ಕೆ ಜೋತುಬೀಳುತ್ತದೆ. ಕೂದಲನ್ನು ಪೂರ್ತಿ ಸುತ್ತಿ ತುರುಬು ಕಟ್ಟಿ, ಅದರ ಮೇಲೆ ಸ್ಕ್ರಂಚಿ ಬಿಗಿದು, ತಲೆಗೆ ವಸ್ತ್ರ ಕಟ್ಟಿಕೊಂಡು ವಸ್ತ್ರದ ತುದಿಗಳನ್ನು ಒಳಗೆ ಸಿಕ್ಕಿಸಬೇಕು. ಹೊಲಿಗೆ ತರಬೇತಿ ನೀಡುವ ಕಾರ್ಯಕರ್ತರು ಈ ಕ್ರಮವನ್ನು ಒಬ್ಬ ಮಹಿಳೆಯ ತಲೆಗೆ ಕಟ್ಟಿ ತೋರಿಸಿದರೆ ಐದು ನಿಮಿಷದಲ್ಲಿ ಎಲ್ಲರಿಗೂ ಮನವರಿಕೆಯಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಬಿತ್ತನೆ, ನಾಟಿ, ಕಳೆ, ಕೊಯ್ಲಿನ ದಿನಗಳನ್ನು ಬಿಟ್ಟು ತರಬೇತಿಯ ದಿನ ಗೊತ್ತುಮಾಡಿ. ಹನ್ನೆರಡರಿಂದ ಹದಿನೈದು ಮಂದಿಗೆ ನಾಲ್ಕು ಯಂತ್ರಗಳಿದ್ದರೆ ಸಾಕು. ಕೆಲವರು ಕತ್ತರಿಸುವಾಗ, ಕೆಲವರು ಹೊಲಿಯುವಾಗ, ಉಳಿದವರು ಕೊಳವೆ ತಿರುವಿ ಇಲಾಸ್ಟಿಕ್ ತೂರಿಸುತ್ತಿರಲಿ. ಆದರೆ ಮೊದಲ ದಿನ ಪ್ರತಿಯೊಬ್ಬರೂ ಒಂದು ಸ್ಕ್ರಂಚಿಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಿ ಮನೆಗೆ ಒಯ್ಯಬೇಕು. ಚುರುಕಾದವರನ್ನು ಯಂತ್ರದ ಮುಂದೆ ಕೂರಿಸಿ ಉಳಿದವರಿಂದ ಕತ್ತರಿಸುವ ಕೆಲಸ ಮಾಡಿಸಿದರೆ ಸಂಖ್ಯೆ ಹೆಚ್ಚುತ್ತದೆ, ಕಲಿಕೆ ಹೆಚ್ಚುವುದಿಲ್ಲ. ಯಂತ್ರಗಳನ್ನು ಕಿಟಕಿಯ ಬಳಿ ಇಡಿ. ನಲವತ್ತು ದಾಟಿದವರಿಗೆ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ತೊಡಕು. ಅದನ್ನು ಹೇಳಲು ಸಂಕೋಚಪಟ್ಟು ಹಿಂದೆ ಸರಿಯುವವರಿದ್ದಾರೆ. ದಾರ ಪೋಣಿಸುವ ಚಿಕ್ಕ ತಂತಿಯನ್ನು ಪ್ರತಿ ಯಂತ್ರಕ್ಕೂ ಕಟ್ಟಿಡಿ.

ಖರ್ಚು ಮತ್ತು ಪ್ರತಿಫಲ

ಮುಂದಿನ ಲೆಕ್ಕದ ದರಗಳು ಕೇವಲ ಉದಾಹರಣೆಗಾಗಿ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ಕ್ರಮದಲ್ಲಿ ಲೆಕ್ಕ ಮಾಡಬೇಕು. ಒಂದು ಮೀಟರ್ ಬಟ್ಟೆಗೆ 120 ರೂ., ನಾಲ್ಕು ಮೀಟರ್ ಇಲಾಸ್ಟಿಕ್‌ಗೆ 20 ರೂ., ದಾರಕ್ಕೆ 10 ರೂ., ಚೀಟಿ ಮತ್ತು ಪ್ಯಾಕಿಂಗಿಗೆ 20 ರೂ. ಎಂದಿಟ್ಟುಕೊಂಡರೆ 20 ಸ್ಕ್ರಂಚಿಗಳಿಗೆ 170 ರೂ., ಒಂದಕ್ಕೆ ಎಂಟೂವರೆ ರೂ. ಬೀಳುತ್ತದೆ. ಅಂಗಡಿಯವರು 15 ರೂ.ಗೆ ಕೊಂಡರೆ ಒಂದರಲ್ಲಿ ಆರೂವರೆ ರೂ., ಇಪ್ಪತ್ತರಲ್ಲಿ 130 ರೂ. ಉಳಿಯುತ್ತದೆ. ಕೆಲವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಲಾಭವೆಂದು ಬರೆಯುತ್ತಾರೆ. ನಿಮ್ಮ ದುಡಿಮೆಯ ಹೊತ್ತು ಅದರಲ್ಲಿ ಸೇರಿಲ್ಲ.

ಗಡಿಯಾರ ನೋಡಿ ಹೊಲಿಯಿರಿ. ಒಂದಕ್ಕೆ 15 ನಿಮಿಷ ಹಿಡಿದರೆ ಇಪ್ಪತ್ತಕ್ಕೆ ಐದು ಗಂಟೆ. ಗಂಟೆಗೆ 26 ರೂ. ಮಾತ್ರ. ನಿಮ್ಮ ಊರಿನಲ್ಲಿ ಕಳೆ ಕೀಳುವ ಕೂಲಿಯೊಂದಿಗೆ ಇದನ್ನು ಹೋಲಿಸಿ ನೋಡಿ. ಎಲ್ಲ ಪಟ್ಟಿಗಳನ್ನು ಒಮ್ಮೆಗೇ ಕತ್ತರಿಸಿ, ಎಲ್ಲ ಉದ್ದ ಹೊಲಿಗೆಗಳನ್ನು ದಾರ ಕಡಿಯದೆ ಒಂದರ ಹಿಂದೊಂದು ಹೊಲಿದು, ಎಲ್ಲವನ್ನೂ ಒಟ್ಟಿಗೆ ತಿರುವುವ ಕ್ರಮ ಕೈಗೂಡಿದರೆ ಒಂದಕ್ಕೆ ಎಂಟು ನಿಮಿಷಕ್ಕೆ ಇಳಿಸಬಹುದು. ಆಗ ಗಂಟೆಗೆ ಸುಮಾರು 49 ರೂ. ಬರುತ್ತದೆ.

ಜಾತ್ರೆಯಲ್ಲಿ ನೇರವಾಗಿ 25 ರೂ.ಗೆ ಮಾರಿದರೆ ಎಷ್ಟೋ ಹೆಚ್ಚು ಸಿಗುವಂತೆ ತೋರುತ್ತದೆ. ಇಪ್ಪತ್ತರಲ್ಲಿ 330 ರೂ. ಉಳಿಯುವುದು ನಿಜ. ಆದರೆ ಹೊಲಿಯಲು ಎರಡು ಗಂಟೆ ನಲವತ್ತು ನಿಮಿಷ, ಮಾರಲು ನಾಲ್ಕು ಗಂಟೆ ಕುಳಿತರೆ ಗಂಟೆಯ ಗಳಿಕೆ ಮತ್ತೆ ಸುಮಾರು 49 ರೂ.ಗೇ ಬಂದು ನಿಲ್ಲುತ್ತದೆ. ಬಸ್ಸಿನ ಖರ್ಚು ಬೇರೆ. ಸ್ಕ್ರಂಚಿಯೊಂದನ್ನೇ ಹಿಡಿದು ಸಂತೆಗೆ ಹೋಗುವುದು ಲಾಭದಾಯಕವಲ್ಲ. ರೊಟ್ಟಿ, ಚಟ್ನಿಪುಡಿ, ಸಂಡಿಗೆ ಮಾರುವ ಸಂಘದ ಮಳಿಗೆಯಲ್ಲಿ ಒಂದು ತಂತಿಗೆ ತೂಗುಹಾಕಿದರೆ ಮಾರುವ ಹೊತ್ತಿನ ಖರ್ಚು ಹಂಚಿಹೋಗುತ್ತದೆ.

ಬಟ್ಟೆ ಮನೆಯದೇ ಆಗಿದ್ದರೆ ಒಂದರ ಖರ್ಚು ಎರಡೂವರೆ ರೂ.ಗೆ ಇಳಿಯುತ್ತದೆ. ಬಟ್ಟೆ ಆರಿಸಿ, ಒಗೆದು, ಇಸ್ತ್ರಿ ಮಾಡಲು ಒಂದು ಗಂಟೆ ಹೆಚ್ಚು ಹಿಡಿದರೂ ಅಂಗಡಿಯ 15 ರೂ. ದರದಲ್ಲಿಯೇ ಗಂಟೆಗೆ ಸುಮಾರು 68 ರೂ. ದೊರೆಯುತ್ತದೆ. ಲೆಕ್ಕದ ಪ್ರಕಾರ ಮೂರರಲ್ಲಿ ಇದೇ ಮೇಲಾದ ದಾರಿ. ಈಗಾಗಲೇ ರವಿಕೆ ಹೊಲಿಯುವವರಿಗೆ ಉಳಿದ ತುಂಡಿನಿಂದ ಅದೇ ಬಣ್ಣದ ಸ್ಕ್ರಂಚಿ ಮಾಡಿ ಜೊತೆಗೆ ಕೊಡುವುದು ಇನ್ನೂ ಸುಲಭ. ಅದಕ್ಕೆ ಪ್ರತ್ಯೇಕ ಗಿರಾಕಿಯನ್ನು ಹುಡುಕಬೇಕಿಲ್ಲ. ಆದರೆ ಉಳಿದ ತುಂಡು ಗಿರಾಕಿಯ ಸೊತ್ತು, ಕೇಳಿಯೇ ಬಳಸಬೇಕು. ಶಾಲೆಗಳು ಆರಂಭವಾಗುವ ಜೂನ್ ತಿಂಗಳಿಗೆ ಸಮವಸ್ತ್ರದ ಬಣ್ಣದ ಸ್ಕ್ರಂಚಿ ಮಾಡುವವರು, ಆ ಶಾಲೆಯಲ್ಲಿ ರಿಬ್ಬನ್ನಿನ ಬದಲು ಇದಕ್ಕೆ ಒಪ್ಪಿಗೆ ಇದೆಯೇ ಎಂದು ಮೊದಲೇ ವಿಚಾರಿಸಿ.

ಸ್ಕ್ರಂಚಿಗಾಗಿಯೇ ಹೊಲಿಗೆ ಯಂತ್ರ ಕೊಳ್ಳುವುದು ಬೇಡ. ಯಂತ್ರಕ್ಕೆ 7,000 ರೂ. ಎಂದು ಹಿಡಿದರೂ ಆರೂವರೆ ರೂ. ಉಳಿಕೆಯಲ್ಲಿ ಅಸಲು ಹಿಂದಿರುಗಲು ಸುಮಾರು 1,080 ಸ್ಕ್ರಂಚಿಗಳನ್ನು ಮಾರಬೇಕು, ಅದೂ ದುಡಿಮೆಗೆ ಬಿಡಿಗಾಸೂ ಇಟ್ಟುಕೊಳ್ಳದೆ. ಸಂಘದ ಅಥವಾ ನೆರೆಯವರ ಯಂತ್ರದಲ್ಲಿ ಕಲಿತು, ಲಂಗ, ದಿಂಬಿನ ಚೀಲ, ರವಿಕೆಗಳವರೆಗೆ ಕೈ ಸಾಗಿದ ಮೇಲೆ ಯಂತ್ರದ ಯೋಚನೆ ಮಾಡಿ. ಮುಂದಿನ ಹಂತದ ತರಬೇತಿಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಉಚಿತ ವಸತಿಯೊಡನೆ ಹೊಲಿಗೆ ಕಲಿಸಲಾಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೇ ಇವುಗಳಿಗೆ ಮಾದರಿ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬೂ ಸೇರಿದೆ. ಅದು ಈಗಾಗಲೇ ಆ ಕಸುಬಿನಲ್ಲಿ ದುಡಿಯುತ್ತಿರುವವರಿಗಾಗಿ ಇರುವ ಯೋಜನೆಯಾದುದರಿಂದ, ಮೊದಲ ಸ್ಕ್ರಂಚಿ ಹೊಲಿದ ಮರುದಿನವೇ ಅರ್ಜಿ ಹಾಕಿಸುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಅರ್ಹತೆಯ ವಿವರಗಳನ್ನು ಗ್ರಾಮ ಪಂಚಾಯಿತಿಯಲ್ಲಿ, ಹೊಲಿಗೆಯ ಕುರಿತ ಸಂದೇಹಗಳನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ತಜ್ಞರಲ್ಲಿ ಕೇಳಿ ತಿಳಿದುಕೊಳ್ಳಬಹುದು. ತಜ್ಞರನ್ನು ಕಾಣಲು ಹೋಗುವಾಗ ಕೆಟ್ಟುಹೋದ ಒಂದೆರಡು ಸ್ಕ್ರಂಚಿಗಳನ್ನೂ ಒಯ್ಯಿರಿ. ದೋಷ ಎಲ್ಲಿದೆಯೆಂದು ಬಾಯಲ್ಲಿ ವಿವರಿಸುವುದಕ್ಕಿಂತ ಹೊಲಿಗೆ ಬಿಚ್ಚಿ ನೋಡುವುದು ಸುಲಭ.